ದೊಡ್ಡಮ್ಮನ ತ್ಯಾಗವಲ್ಲ, ದುಡಿಮೆ ನೆನೆಯೋಣ

ಉಡುಪಿಯ ನಮ್ಮ ದೊಡ್ಡಮ್ಮ ತೀರಿಕೊಂಡ ಮೇಲೆ ನಡೆದ ಪ್ರಾರ್ಥನಾ ಕೂಟದಲ್ಲಿ ಮಾತನಾಡಿದವರೆಲ್ಲ ಅವರನ್ನು ತ್ಯಾಗಮಯಿ ಎಂದರು. ತಮ್ಮಂದಿರನ್ನು ಓದಿಸಿದ್ದು, ತಂಗಿಯರ ಮದುವೆ ಮಾಡಿಸಿದ್ದು, ಸೋರುವ ಹೆಂಚಿನ ಮನೆ ಇದ್ದಲ್ಲಿ ತಾರಸಿ ಮನೆ ಎಬ್ಬಿಸಿದ್ದು ಎಲ್ಲವೂ ನೆನಪಾದವು. ಇಷ್ಟಕ್ಕೂ ದುಡ್ಡು ತಂದ ಕೆಲಸದ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ. ದೊಡ್ಡಮ್ಮ ನರ್ಸ್ ಆಗಿದ್ದರು. ಎರಡೂವರೆ ದಶಕ ಕುವೈತಿನ ಸರ್ಕಾರಿ ಆಸ್ಪತ್ರೆಯಲ್ಲಿ ದುಡಿದವರು. ತ್ಯಾಗ ಎಂದರೆ ಕೈಮುಗಿದು ಎದ್ದು ಹೋಗಬಹುದು. ದುಡಿಮೆ ಎಂದರೆ ಸಂಬಳವೆಷ್ಟು, ರಜೆ ಎಷ್ಟು, ಮುಪ್ಪಿಗೆ ಏನು ಆಸರೆ ಎಂದು ಕೇಳಬೇಕಾಗುತ್ತದೆ. ಆ ಪ್ರಶ್ನೆಗಳನ್ನು ನಾವು ಕೇಳಲೇಬೇಕು.

ಕರಾವಳಿಯ ಹೆಣ್ಣುಮಕ್ಕಳಿಗೆ ಈ ಕಸುಬಿನ ದಾರಿ ತೋರಿಸಿದ್ದು ಮಿಷನ್ ಆಸ್ಪತ್ರೆಗಳು. ಉಡುಪಿಯಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯೆ ಇವಾ ಲೊಂಬಾರ್ಡ್ 1923ರಲ್ಲಿ ಆಸ್ಪತ್ರೆ ತೆರೆದರು. ನಮ್ಮ ಅಜ್ಜಿಯ ಹೆರಿಗೆಗಳು ಆದದ್ದು ಅಲ್ಲೇ. ಅಜ್ಜ ಹೆಂಚಿನ ಕಾರ್ಖಾನೆಯ ಕೂಲಿ. ಮನೆಯಲ್ಲಿ ಐದು ಮಕ್ಕಳು. ಹಿರಿಯವರಾದ ದೊಡ್ಡಮ್ಮ ಎಸ್ಸೆಸ್ಸೆಲ್ಸಿ ಮುಗಿಸಿ ಜನರಲ್ ನರ್ಸಿಂಗ್ ಸೇರಿದರು. ನರ್ಸ್ ಕೆಲಸ ಎಂದರೆ ಸಂಬಂಧ ಕುದುರುವುದಿಲ್ಲ ಎಂದು ನೆಂಟರು ಅಜ್ಜನ ಕಿವಿ ಊದಿದ ಕಾಲ ಅದು. ಅದೇ ನೆಂಟರು 1979ರಲ್ಲಿ ಅವರಿಗೆ ಕುವೈತಿನ ವೀಸಾ ಬಂದಾಗ ತಮ್ಮ ಹೆಣ್ಣುಮಕ್ಕಳಿಗೂ ದಾರಿ ಕೇಳಿಕೊಂಡು ಬಂದರು.

ದೊಡ್ಡಮ್ಮ ತಮ್ಮ ಕೆಲಸದ ಬಗ್ಗೆ ಮಾತನಾಡಿದರೆ ಮೈಯೆಲ್ಲ ಕಿವಿಯಾಗಿ ಕೇಳಬೇಕು. ಸುಟ್ಟಗಾಯದ ರೋಗಿಯ ಬ್ಯಾಂಡೇಜ್ ಬಿಚ್ಚುವ ಮುಂಚೆ ಸಲೈನಿನಲ್ಲಿ ಎಷ್ಟು ಹೊತ್ತು ನೆನೆಸಬೇಕು. ಮಲಗಿದಲ್ಲೇ ಇರುವವರನ್ನು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನು ಹೇಗೆ ಹುಣ್ಣಾಗುತ್ತದೆ. ಡ್ರಿಪ್ಪಿನ ಹನಿಯನ್ನು ಗಡಿಯಾರ ಹಿಡಿದು ಎಣಿಸುವುದು ಹೇಗೆ. ರೋಗಿಗಳ ಪಕ್ಕ ನಿಂತೇ ಅರಬ್ಬಿ ಕಲಿತರು. ರಜೆಗೆ ಬಂದಾಗ ಕೆಮ್ಮುವ ಮಗುವಿನ ಅಂಗಿ ಎತ್ತಿ, ಪಕ್ಕೆ ಒಳಗೆಳೆಯುತ್ತಿದೆಯೇ ಎಂದು ನೋಡಿ, ಒಂದು ನಿಮಿಷ ಉಸಿರು ಎಣಿಸಿ, "ಇದು ಕಷಾಯದ ಕೆಮ್ಮಲ್ಲ, ಆಸ್ಪತ್ರೆಗೆ ಹೊರಡಿ" ಎನ್ನುತ್ತಿದ್ದರು. ಹಾಗೆ ಹೊರಟು ಉಳಿದುಕೊಂಡ ಮಗು ಇಂದು ನಮ್ಮೂರಿನ ಶಾಲೆಯಲ್ಲಿ ಮೇಷ್ಟ್ರು.

ಮನೆಯ ಯಜಮಾನಿಕೆಯನ್ನೂ ಅವರು ಅಲ್ಲಿಂದಲೇ ನಡೆಸಿದರು. ತಿಂಗಳಿಗೊಂದು ರಿಜಿಸ್ಟರ್ಡ್ ಲಕೋಟೆಯಲ್ಲಿ ಬ್ಯಾಂಕ್ ಡ್ರಾಫ್ಟ್ ಬರುತ್ತಿತ್ತು. ಜೊತೆಗೆ ದೊಡ್ಡಮ್ಮನ ಮಾತು ತುಂಬಿದ ಕ್ಯಾಸೆಟ್. ಯಾರು ಯಾವ ಕಾಲೇಜು ಸೇರಬೇಕು, ಬಾವಿಗೆ ಪಂಪು ಯಾವಾಗ ಹಾಕಿಸಬೇಕು, ಅಜ್ಜನ ಬಿ.ಪಿ. ಎಷ್ಟಿದೆ, ಎಲ್ಲಕ್ಕೂ ಅದರಲ್ಲಿ ಅಪ್ಪಣೆ ಇರುತ್ತಿತ್ತು. ಕೈಗೂಸನ್ನು ಇಟ್ಟುಕೊಂಡು ರಾತ್ರಿ ಪಾಳಿ ಮಾಡಲಾಗದೆ ಅವರು ತಮ್ಮ ಮಗಳನ್ನು ನಮ್ಮ ಅಮ್ಮನ ಬಳಿ ಬಿಟ್ಟಿದ್ದರು. ಕ್ಯಾಸೆಟ್ಟಿನ ಕೊನೆಗೆ ಮಗಳಿಗೆಂದೇ ಹಾಡುತ್ತಿದ್ದ ಕೀರ್ತನೆ ಮುಗಿಯುವ ತನಕ ಅಜ್ಜಿ ಒಲೆಯ ಮುಂದಿಂದ ಏಳುತ್ತಿರಲಿಲ್ಲ.

1990ರ ಆಗಸ್ಟ್ 2ರಂದು ಇರಾಕ್ ಸೇನೆ ಕುವೈತಿಗೆ ನುಗ್ಗಿತು. ಅಲ್ಲಿ ಆಗ ಸುಮಾರು 1.7 ಲಕ್ಷ ಭಾರತೀಯರಿದ್ದರು. ಬ್ಯಾಂಕಿನಲ್ಲಿಟ್ಟ ದಿನಾರು ಕೈಗೆ ಸಿಗಲಿಲ್ಲ, ಫೋನು ಸತ್ತಿತ್ತು. ವಾರ್ಡಿನಲ್ಲಿ ರೋಗಿಗಳಿರುವಾಗ ಹೇಗೆ ಬಿಟ್ಟು ಹೊರಡಲಿ ಎಂದು ದೊಡ್ಡಮ್ಮ ಸೆಪ್ಟೆಂಬರ್ ತನಕ ಉಳಿದರು. ಆಮೇಲೆ ಬಸ್ಸಿನಲ್ಲಿ ಬಾಗ್ದಾದ್, ಅಲ್ಲಿಂದ ಮರಳುಗಾಡು ದಾಟಿ ಜೋರ್ಡಾನಿನ ಗಡಿ, ನಿರಾಶ್ರಿತರ ಡೇರೆ, ಕೊನೆಗೆ ಅಮ್ಮಾನ್. ಏರ್ ಇಂಡಿಯಾ ಆ ಆಗಸ್ಟ್ 13ರಿಂದ ಅಕ್ಟೋಬರ್ 11ರವರೆಗೆ 488 ಹಾರಾಟಗಳಲ್ಲಿ 1.1 ಲಕ್ಷಕ್ಕೂ ಹೆಚ್ಚು ಜನರನ್ನು ಕರೆತಂದಿತು. ಅವರಲ್ಲೊಬ್ಬರಾಗಿ ಮುಂಬೈಗಿಳಿದ ದೊಡ್ಡಮ್ಮ, ಕೊಂಕಣ ರೈಲು ಇನ್ನೂ ಇಲ್ಲದ ಕಾಲವಾದ್ದರಿಂದ, ಬಸ್ಸಿನಲ್ಲಿ ಉಡುಪಿ ಸೇರಿದರು. ಕೈಯಲ್ಲಿದ್ದದ್ದು ನರ್ಸಿಂಗ್ ಸರ್ಟಿಫಿಕೇಟಿನ ಕಡತ ಮತ್ತು ಒಂದು ಬಟ್ಟೆಚೀಲ.

ಯುದ್ಧದಿಂದ ಓಡಿಬಂದವರಿಗೆ ವಿಶ್ವಸಂಸ್ಥೆಯ ಪರಿಹಾರ ಆಯೋಗ ಇರಾಕಿನಿಂದ ಪರಿಹಾರ ಕೊಡಿಸಿತು. ಒಬ್ಬರಿಗೆ 2,500 ಡಾಲರ್, ಬೇರಾವ ವರ್ಗದಲ್ಲೂ ಅರ್ಜಿ ಹಾಕದವರಿಗೆ 4,000. ಆ ಹಣ ಬರುವ ಮುನ್ನವೇ, 1992ರಲ್ಲಿ, ದೊಡ್ಡಮ್ಮ ಮತ್ತೆ ಕುವೈತಿಗೆ ಹೊರಟಿದ್ದರು. ಕೊನೆಯ ತಮ್ಮನ ಓದು ಬಾಕಿ ಇತ್ತು.

ನಿವೃತ್ತರಾದಾಗ ಅವರಿಗೆ ಸಿಕ್ಕಿದ್ದು ಸೇವಾಂತ್ಯದ ಒಂದು ಗಂಟು ಹಣ. ಕುವೈತಿನ ಪಿಂಚಣಿ ವ್ಯವಸ್ಥೆ ಹೊರನಾಡಿನ ದುಡಿಮೆಗಾರರಿಗೆ ಇಲ್ಲ. ಎಷ್ಟು ವರ್ಷ ದುಡಿದರೂ ಅಲ್ಲಿ ನೆಲೆಸುವ ಹಕ್ಕೂ ಇಲ್ಲ. ಕೆಲಸ ಮುಗಿಯಿತೆಂದರೆ ವಾಸದ ಪರವಾನಗಿಯೂ ಮುಗಿಯಿತು. ಇಲ್ಲಿ ಅವರು ಯಾವ ಸಂಸ್ಥೆಯ ನೌಕರರೂ ಆಗಿರಲಿಲ್ಲ, ಹಾಗಾಗಿ ಇಲ್ಲಿಯೂ ಪಿಂಚಣಿ ಇಲ್ಲ. ಎರಡು ದೇಶಗಳಿಗೆ ಬೇಕಾದ ಹೆಣ್ಣು ಕೊನೆಗೆ ಮಗಳ ಆಸರೆಯಲ್ಲೇ ಬದುಕಬೇಕಾಯಿತು. ಮಗಳು ಚೆನ್ನಾಗಿ ನೋಡಿಕೊಂಡಳು. ಅಂಥ ಮಗಳಿಲ್ಲದ ನರ್ಸುಗಳೂ ನಮ್ಮ ಜಿಲ್ಲೆಯಲ್ಲಿದ್ದಾರೆ.

ಇದು ಮುಗಿದ ಕಥೆಯಲ್ಲ. ಬಿ.ಎಸ್ಸಿ. ನರ್ಸಿಂಗ್ ಮುಗಿಸಿದ ನನ್ನ ಅಣ್ಣನ ಮಗಳು ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ದುಡಿಯುತ್ತ, ರಾತ್ರಿ ಪಾಳಿ ಮುಗಿಸಿ ಬಂದು ಜರ್ಮನ್ ಭಾಷೆಯ ಬಿ2 ಪರೀಕ್ಷೆಗೆ ಓದುತ್ತಿದ್ದಾಳೆ. ಇಲ್ಲಿನ ಸಂಬಳದಲ್ಲಿ ಹಾಸ್ಟೆಲ್ ಬಾಡಿಗೆ, ಓದಿನ ಸಾಲದ ಕಂತು ಕಳೆದರೆ ಮನೆಗೆ ಕಳಿಸಲು ಏನೂ ಉಳಿಯದು. ಖಾಸಗಿ ಆಸ್ಪತ್ರೆಯ ನರ್ಸುಗಳ ವೇತನ ಕುರಿತು 2016ರಲ್ಲಿ ಸುಪ್ರೀಂ ಕೋರ್ಟ್ ಸೂಚನೆಯಂತೆ ಕೇಂದ್ರ ನೇಮಿಸಿದ ಸಮಿತಿ ಸ್ಪಷ್ಟವಾಗಿ ಹೇಳಿದೆ: ಸಣ್ಣ ಆಸ್ಪತ್ರೆಯಲ್ಲೂ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೂಡದು, 200ಕ್ಕಿಂತ ಹೆಚ್ಚು ಹಾಸಿಗೆಯ ಆಸ್ಪತ್ರೆಯಲ್ಲಿ ಸರ್ಕಾರಿ ನರ್ಸಿನ ಸಂಬಳಕ್ಕೆ ಸಮನಾಗಿರಬೇಕು. ಕೇರಳ 2018ರಲ್ಲಿ 20,000 ರೂಪಾಯಿಯ ಕನಿಷ್ಠ ವೇತನಕ್ಕೆ ಅಧಿಸೂಚನೆ ಹೊರಡಿಸಿತು.

ದೇಶದಲ್ಲೇ ಅತಿ ಹೆಚ್ಚು ನರ್ಸಿಂಗ್ ಕಾಲೇಜುಗಳಿರುವ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಓದಿಸಿ ಕಳಿಸುವುದರಲ್ಲಿ ಮುಂದಿರುವ ನಾವು ಉಳಿಸಿಕೊಳ್ಳುವುದರಲ್ಲಿಯೂ ಮುಂದಿರಬೇಕು. ಸಮಿತಿ ಹೇಳಿದ ಸಂಬಳ ಪ್ರತಿ ಖಾಸಗಿ ಆಸ್ಪತ್ರೆಯಲ್ಲೂ ಕೈಸೇರುತ್ತಿದೆಯೇ ಎಂದು ಕಾರ್ಮಿಕ ಇಲಾಖೆ ಪರಿಶೀಲಿಸಲಿ. ಕೊಲ್ಲಿಯಿಂದ ಮರಳಿದ ನರ್ಸುಗಳ ಮುಪ್ಪಿಗೆ ರಾಜ್ಯ ಸರ್ಕಾರ ಒಂದು ಪಿಂಚಣಿ ಯೋಜನೆ ರೂಪಿಸಲಿ. ಹೊರದೇಶಕ್ಕೆ ಹೋಗುವ ಹುಡುಗಿ ಹೋಗಲಿ, ಆದರೆ ಮನಸ್ಸಿದ್ದು ಹೋಗಲಿ, ಬೇರೆ ದಾರಿಯಿಲ್ಲದೆ ಹೋಗುವಂತಾಗದಿರಲಿ. ನಮ್ಮ ದೊಡ್ಡಮ್ಮನಂಥವರಿಗೆ ಸಲ್ಲಬೇಕಾದ ಗೌರವ ಇದು, ಮತ್ತು ಇದನ್ನು ಹೊಗಳಿಕೆಯಿಂದ ತೀರಿಸಲಾಗದು.