ತೀರ್ಪಿಗೆ ಮೊದಲೇ ಶುರುವಾಗುವ ಶಿಕ್ಷೆ

ಸೋಗಾನೆ ಎಂದರೆ ಈಗ ನಮಗೆಲ್ಲ ವಿಮಾನ ನಿಲ್ದಾಣವೇ ನೆನಪಾಗುತ್ತದೆ. ನಮ್ಮ ಶಿವಮೊಗ್ಗದ ಕೇಂದ್ರ ಕಾರಾಗೃಹವೂ ಅಲ್ಲೇ ಇದೆ. ಅದರೊಳಗೆ ಯಾರು ಎಷ್ಟು ದಿನ ಇರಬೇಕು ಎಂಬುದನ್ನು ಯಾವುದು ನಿರ್ಧರಿಸುತ್ತದೆ? ಕಾನೂನಿನ ಮುಂದೆ ಎಲ್ಲರೂ ಸಮಾನರು ಎಂದು ಸಂವಿಧಾನದ 14ನೇ ವಿಧಿ ಹೇಳುತ್ತದೆ. ಆದರೆ ಜೈಲುವಾಸದ ಅವಧಿಯನ್ನು ತೀರ್ಪಿನ ಜೊತೆಗೆ ಹಣ, ಊರು ಮತ್ತು ಜಾತಿಯೂ ನಿರ್ಧರಿಸುತ್ತವೆ ಎಂಬುದು ನನ್ನ ಅಭಿಪ್ರಾಯ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಯಂತೆ 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಜನರಿದ್ದರು. ಅವರಲ್ಲಿ 4,34,302 ಮಂದಿ ವಿಚಾರಣಾಧೀನ ಕೈದಿಗಳು. ಅಂದರೆ ನಾಲ್ವರಲ್ಲಿ ಮೂವರ ಮೇಲಿನ ಆರೋಪ ಇನ್ನೂ ಸಾಬೀತಾಗಿರಲಿಲ್ಲ. 2011ರ ಜನಗಣತಿಯಂತೆ ಪರಿಶಿಷ್ಟ ಪಂಗಡದವರು ದೇಶದ ಜನಸಂಖ್ಯೆಯ ಶೇ 8.6ರಷ್ಟಿದ್ದಾರೆ. ಜೈಲಿನಲ್ಲಿ ಅವರ ಪಾಲು ಅದಕ್ಕಿಂತ ಹೆಚ್ಚು. ದಲಿತರದ್ದೂ ಮುಸ್ಲಿಮರದ್ದೂ ಇದೇ ಕಥೆ.

ಜಾಮೀನು ಸಿಗುತ್ತದಲ್ಲ ಎಂದು ನೀವು ಕೇಳಬಹುದು. ಜಾಮೀನಿಗೆ ಭದ್ರತೆ ಕೊಡಲು ಆಸ್ತಿ ಇರುವವರು ಬೇಕು. 1978ರಲ್ಲಿ ಸುಪ್ರೀಂ ಕೋರ್ಟಿಗೆ ಬಂದ ಮೋತಿರಾಂ ಪ್ರಕರಣವನ್ನೇ ನೋಡಿ. ಆತ ಮಧ್ಯಪ್ರದೇಶದ ಬಡ ಗಾರೆ ಕೆಲಸಗಾರ. ಕೆಳಗಿನ ನ್ಯಾಯಾಲಯ ಹತ್ತು ಸಾವಿರ ರೂಪಾಯಿ ಭದ್ರತೆ ಕೇಳಿತ್ತು. ಅಣ್ಣತಮ್ಮನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಆ ಭದ್ರತೆಯನ್ನೂ ಒಪ್ಪಲಿಲ್ಲ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅದನ್ನು ತಪ್ಪೆಂದರು. ಕಾಡಂಚಿನ ಹಾಡಿಯಿಂದ ಬಂದವರಿಗೆ ಇಂದಿಗೂ ಅದೇ ಕಷ್ಟ.

ನಮ್ಮ ರಾಜ್ಯದ್ದೇ ಇನ್ನೊಂದು ಉದಾಹರಣೆ ಇದೆ. ವಿಠಲ ಮಲೆಕುಡಿಯ ಬೆಳ್ತಂಗಡಿ ತಾಲ್ಲೂಕಿನ ಕುತ್ಲೂರಿನ ಆದಿವಾಸಿ ಯುವಕ. ಮಂಗಳೂರು ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದುತ್ತಿದ್ದಾಗ, 2012ರ ಮಾರ್ಚ್‌ನಲ್ಲಿ, ನಕ್ಸಲ್ ನಂಟಿನ ಆರೋಪದ ಮೇಲೆ ತಂದೆಯ ಜೊತೆ ಅವರನ್ನೂ ಬಂಧಿಸಲಾಯಿತು. ಸಾಕ್ಷ್ಯವೆಂದು ವಶಪಡಿಸಿಕೊಂಡದ್ದರಲ್ಲಿ ಭಗತ್ ಸಿಂಗ್ ಕುರಿತ ಪುಸ್ತಕವೂ ಇತ್ತು. ಅವರು ಕೋಳ ತೊಟ್ಟೇ ಪರೀಕ್ಷೆ ಬರೆಯಬೇಕಾಯಿತು. ತಿಂಗಳುಗಟ್ಟಲೆ ಜೈಲಿನಲ್ಲಿದ್ದು ಜಾಮೀನಿನ ಮೇಲೆ ಹೊರಬಂದರು. ನಿರ್ದೋಷಿ ಎಂಬ ತೀರ್ಪು ಬಂದದ್ದು 2021ರ ಅಕ್ಟೋಬರ್‌ನಲ್ಲಿ. ಆ ಒಂಬತ್ತು ವರ್ಷ ಯಾವ ನ್ಯಾಯಾಧೀಶರೂ ವಿಧಿಸಿದ ಶಿಕ್ಷೆಯಲ್ಲ.

ಈ ಅನುಮಾನಕ್ಕೆ ಹಳೆಯ ಬೇರಿದೆ. 1871ರಲ್ಲಿ ಬ್ರಿಟಿಷರು ಕೆಲವು ಬುಡಕಟ್ಟುಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಕಾನೂನು ಮಾಡಿದರು. 1952ರಲ್ಲಿ ಆ ಕಾನೂನು ರದ್ದಾಯಿತು. ಆದರೂ ಆ ಭಾವನೆ ಜೈಲು ಕೈಪಿಡಿಗಳಲ್ಲಿ ಉಳಿದೇ ಇತ್ತು. ಜೈಲಿನಲ್ಲಿ ಜಾತಿ ನೋಡಿ ಕೆಲಸ ಹಂಚುವುದನ್ನು ಸುಪ್ರೀಂ ಕೋರ್ಟ್ ತಡೆದದ್ದು 2024ರ ಅಕ್ಟೋಬರ್ 3ರಂದು.

ತಪ್ಪು ಮಾಡಿದವರಿಗೆ ಶಿಕ್ಷೆ ಆಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾಯುವಿಕೆಯೇ ಶಿಕ್ಷೆಯಾಗಬಾರದು. ಆಸ್ಟ್ರೇಲಿಯಾದಲ್ಲಿ ಮೂಲನಿವಾಸಿ ಕೈದಿಗಳ ಮತ್ತು ಇತರರ ಶಿಕ್ಷೆಯ ಅವಧಿಯನ್ನು ಸರ್ಕಾರವೇ ಪ್ರತಿವರ್ಷ ಅಕ್ಕಪಕ್ಕದಲ್ಲಿಟ್ಟು ಪ್ರಕಟಿಸುತ್ತದೆ. ನಮ್ಮ ವರದಿಯಲ್ಲಿ ಕೈದಿಗಳ ಜಾತಿ ಒಂದು ಕೋಷ್ಟಕದಲ್ಲಿ, ಜೈಲಿನ ಅವಧಿ ಇನ್ನೊಂದು ಕೋಷ್ಟಕದಲ್ಲಿ ಇರುತ್ತವೆ. ಎರಡನ್ನೂ ಸೇರಿಸಿ ಪ್ರಕಟಿಸಿದರೆ ಯಾರು ಹೆಚ್ಚು ಕಾಯುತ್ತಿದ್ದಾರೆಂಬುದು ತಿಳಿಯುತ್ತದೆ. ಸರ್ಕಾರ ಇದನ್ನು ಮಾಡಬೇಕು.

ನಮ್ಮ ಸಮುದಾಯದ ಅಮಾಯಕರು ಜೈಲಿನಲ್ಲಿದ್ದಾರೆಂದು ನಾವು ನೊಂದು ಮಾತಾಡುತ್ತೇವೆ. ಆ ನೋವು ಮಲೆಕುಡಿಯ, ಹಕ್ಕಿಪಿಕ್ಕಿ, ಜೇನುಕುರುಬ ಮನೆಗಳಿಗೂ ತಲುಪಬೇಕು. ನ್ಯಾಯ ನಮ್ಮವರಿಗೆ ಮಾತ್ರ ಬೇಕೆಂದರೆ ಅದು ನ್ಯಾಯವಾಗುವುದಿಲ್ಲ.

ಗೆಳೆಯರೇ, ಒಂದು ಕೆಲಸ ಇವತ್ತೇ ಮಾಡಬಹುದು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಬಂಧನದಲ್ಲಿರುವವರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಮಹಿಳೆಯರಿಗೆ, ಮಕ್ಕಳಿಗೆ ವಕೀಲರ ನೆರವು ಉಚಿತ. ಸಹಾಯವಾಣಿ 15100. ಈ ಸಂಖ್ಯೆಯನ್ನು ಮನೆಯಲ್ಲಿ ಹೇಳಿ, ನಿಮ್ಮ ಕೇರಿಯಲ್ಲಿ ಹೇಳಿ.