ಚೀಲದ ಮೇಲೆ ನಂಬರ್ ಎಷ್ಟಿತ್ತು?

ಅಮ್ಮ ಊರಿಂದ ಕಳಿಸಿದ್ದ ಮನಿ ಪ್ಲಾಂಟ್ ನನ್ನ ಪಿ.ಜಿ. ರೂಮಿನಲ್ಲಿ ಒಂದು ವರ್ಷ ಬದುಕಿತ್ತು. ಅದಕ್ಕೆ ಸಿಕ್ಕಿದ್ದು ಹಳೇ ಜ್ಯಾಮ್ ಬಾಟಲಿ, ನಲ್ಲಿ ನೀರು, ವಾರಕ್ಕೊಮ್ಮೆ ನನ್ನ ನೆನಪು. ಅಷ್ಟರಲ್ಲೇ ಆರು ಎಲೆ ಬಿಟ್ಟಿತ್ತು. ಸೆಮಿಸ್ಟರ್ ರಜೆ ಮುಗಿಸಿ ಬಂದವನಿಗೆ ಅದರ ಮೇಲೆ ಅಕ್ಕರೆ ಉಕ್ಕಿತು. ಆನ್‌ಲೈನ್‌ನಲ್ಲಿ 349 ರೂಪಾಯಿ ಕೊಟ್ಟು ಐದು ಕೆ.ಜಿ. ‘ಪೋಷಕಾಂಶಭರಿತ ಪಾಟಿಂಗ್ ಮಣ್ಣು’ ತರಿಸಿದೆ. ಚೆಂದದ ಪಿಂಗಾಣಿ ಕುಂಡವನ್ನೂ ತಂದೆ. ಮಣ್ಣಿನ ಜೊತೆ ಉಚಿತವಾಗಿ ಬಂದಿದ್ದ ದ್ರವ ಗೊಬ್ಬರವನ್ನು ಎರಡು ಮುಚ್ಚಳ ಸುರಿದೆ. ದಿನಾ ಬೆಳಿಗ್ಗೆ ನೀರು. ಮೂರೇ ವಾರದಲ್ಲಿ ಎಲೆಯ ತುದಿಗಳು ಕಂದಾದವು, ಬುಡ ಕೊಳೆಯಿತು, ಗಿಡ ಸತ್ತಿತು.

ಬರೀ ನೀರಿನಲ್ಲಿ ಬದುಕಿದ್ದ ಗಿಡ ‘ಪೋಷಕಾಂಶ’ ಕೊಟ್ಟ ಮೇಲೆ ಸತ್ತಿದ್ದು ಹೇಗೆ? ಅಪ್ಪನಿಗೆ ಫೋನ್ ಮಾಡಿದೆ. ಅವರು ತಿಪಟೂರು ಕಡೆಯ ರೈತ. ತೆಂಗು, ರಾಗಿ ಬೆಳೆಯುತ್ತಾರೆ. ಪೂರ್ತಿ ಕಥೆ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: ‘ಚೀಲದ ಮೇಲೆ ನಂಬರ್ ಎಷ್ಟಿತ್ತು?’

ನಂಬರ್ ಇರಲೇ ಇಲ್ಲ. ಹಸಿರು ಎಲೆಯ ಚಿತ್ರ, ‘ಪ್ರೀಮಿಯಂ’, ‘100% ಸಾವಯವ’, ‘ಪೋಷಕಾಂಶಭರಿತ’ ಎಂಬ ಪದಗಳಿದ್ದವು. ಎಸ್ಸೆಸ್ಸೆಲ್ಸಿ ಓದಿದ ಅಪ್ಪ 17:17:17 ಎಂದು ನೋಡದೆ ಗೊಬ್ಬರದ ಚೀಲವನ್ನು ಗಾಡಿಗೆ ಹಾಕಿಸುವುದಿಲ್ಲ. ಸಾರಜನಕ, ರಂಜಕ, ಪೊಟ್ಯಾಷ್ ತಲಾ ಶೇ 17 ಇದೆ, ಎಕರೆಗೆ ಇಷ್ಟು ಸಾಕು ಎಂದು ಲೆಕ್ಕ ಹಾಕುತ್ತಾರೆ. ಬಿ.ಇ. ಸಿವಿಲ್ ಓದುತ್ತಿರುವ ನಾನು ಚಿತ್ರ ನೋಡಿ ಮಣ್ಣು ಕೊಂಡೆ!

ನನ್ನ ತಪ್ಪು ಮೊದಲು ಒಪ್ಪಿಕೊಳ್ಳುತ್ತೇನೆ. ಪಿಂಗಾಣಿ ಕುಂಡಕ್ಕೆ ತೂತೇ ಇರಲಿಲ್ಲ. ನನ್ನ ಕಿಟಕಿಗೆ ಎದುರು ಮನೆಯ ಗೋಡೆಯೇ ಆಕಾಶ. ಬೆಳಕು ಕಡಿಮೆ ಇದ್ದರೆ ಗಿಡ ನಿಧಾನಕ್ಕೆ ಬೆಳೆಯುತ್ತದೆ, ಅದಕ್ಕೆ ಬೇಕಾಗುವ ನೀರು, ಗೊಬ್ಬರ ಎರಡೂ ಕಡಿಮೆ. ಬಳಕೆಯಾಗದ ಗೊಬ್ಬರ ಲವಣವಾಗಿ ಮಣ್ಣಿನಲ್ಲೇ ಉಳಿಯುತ್ತದೆ. ಲವಣ ಹೆಚ್ಚಾದರೆ ಬೇರಿಗೆ ನೀರು ಹೀರುವುದೇ ಕಷ್ಟ. ಪಿಯುಸಿಯಲ್ಲಿ ಓದಿದ ಆಸ್ಮೋಸಿಸ್ ನೆನಪಿದೆಯಲ್ಲ, ಅದೇ. ಎಲೆಯ ತುದಿ ಸುಡುವುದು, ಮಣ್ಣಿನ ಮೇಲೆ ಬಿಳಿ ಪುಡಿ ಕಟ್ಟುವುದು ಇದರ ಗುರುತು. ನನ್ನ ಕುಂಡದಲ್ಲಿ ಎರಡೂ ಇದ್ದವು. ‘ಪಾಪ, ಒಣಗಿದೆ’ ಅಂದುಕೊಂಡು ನಾನು ಇನ್ನಷ್ಟು ನೀರು ಹಾಕಿದ್ದೆ.

ಈ ಸೆಮಿಸ್ಟರ್‌ನಲ್ಲಿ ನಮಗೆ ಜಿಯೋಟೆಕ್ನಿಕಲ್ ಪಾಠವಿದೆ. ಮಣ್ಣು ಎಂದರೆ ಬರೀ ಕಣಗಳಲ್ಲ, ಕಣಗಳ ನಡುವಿನ ಖಾಲಿ ಜಾಗವೂ ಮಣ್ಣೇ ಎಂಬುದು ಮೊದಲ ಅಧ್ಯಾಯದ ಮಾತು. ಕಟ್ಟಡಕ್ಕೆ ನಾವು ಆ ಖಾಲಿ ಜಾಗವನ್ನು ಅದುಮಿ ತೆಗೆಯುತ್ತೇವೆ. ಗಿಡಕ್ಕೆ ಅದನ್ನು ಉಳಿಸಬೇಕು, ಏಕೆಂದರೆ ಬೇರು ಉಸಿರಾಡುವುದು ಅಲ್ಲಿಂದ. ಜ್ಯಾಮ್ ಬಾಟಲಿಯ ನೀರಿನಲ್ಲಿ ಬೆಳೆದ ಬೇರು ಅದಕ್ಕೆ ಹೊಂದಿಕೊಂಡಿತ್ತು. ತೂತಿಲ್ಲದ ಕುಂಡದ ಕೆಸರಿನಲ್ಲಿ ಗಾಳಿ ಇರಲಿಲ್ಲ. ಕುಂಡದ ತಳಕ್ಕೆ ಜಲ್ಲಿ ಹಾಕಿದರೆ ನೀರು ಬಸಿಯುತ್ತದೆ ಎಂದು ನನ್ನ ರೂಮ್‌ಮೇಟ್ ವಾದಿಸಿದ. ಅದೂ ನಿಜವಲ್ಲ. ಸಣ್ಣ ರಂಧ್ರಗಳ ಮಣ್ಣು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಪೂರ್ತಿ ತೊಯ್ಯುವವರೆಗೆ ಕೆಳಗಿನ ದಪ್ಪ ಜಲ್ಲಿಗೆ ಇಳಿಸುವುದಿಲ್ಲ. ಜಲ್ಲಿ ಹಾಕಿದರೆ ಒದ್ದೆ ಪದರ ಬೇರಿಗೆ ಇನ್ನೂ ಹತ್ತಿರ ಬರುತ್ತದೆ. ಬೇಕಿರುವುದು ತಳದಲ್ಲಿ ತೂತು, ಹಗುರವಾದ ಮಿಶ್ರಣ.

ಈಗ ಪ್ಯಾಕೆಟ್‌ನ ವಿಷಯಕ್ಕೆ ಬರೋಣ. ಉಳಿದ ಮಣ್ಣನ್ನು ಪೇಪರ್ ಮೇಲೆ ಸುರಿದು ನೋಡಿದೆ. ಹೆಚ್ಚಿನ ಪಾಲು ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ. ನಮ್ಮೂರ ಕಡೆ ನಾರಿನ ಘಟಕಗಳ ಹಿಂದೆ ಗುಡ್ಡೆ ಬಿದ್ದಿರುತ್ತದಲ್ಲ, ಅದೇ! ಅದನ್ನು ಬೆಂಗಳೂರಿನಲ್ಲಿ ಕೂತು ದುಡ್ಡು ಕೊಟ್ಟು ತರಿಸಿಕೊಂಡಿದ್ದೆ. ಕೋಕೋಪೀಟ್ ಕೆಟ್ಟದ್ದಲ್ಲ. ಹಗುರ, ನೀರು ಹಿಡಿಯುತ್ತದೆ. ಆದರೆ ಅದರಲ್ಲಿ ಪೋಷಕಾಂಶ ತೀರಾ ಕಡಿಮೆ, ಸರಿಯಾಗಿ ತೊಳೆಯದಿದ್ದರೆ ಉಪ್ಪಿನಂಶವೇ ಹೆಚ್ಚು. ಉಳಿದದ್ದು ಎರೆಗೊಬ್ಬರ ಮತ್ತು ಯಾವುದೋ ಬಿಳಿ ಹರಳು. ಅದು ಪರ್ಲೈಟೋ, ಗೊಬ್ಬರವೋ? ಪ್ಯಾಕೆಟ್‌ನಲ್ಲಿ ಬರೆದಿರಲಿಲ್ಲ.

ನನ್ನ ತಕರಾರು ಇಷ್ಟೇ. ರಸಗೊಬ್ಬರದ ಚೀಲದ ಮೇಲೆ ಪೋಷಕಾಂಶದ ಪ್ರಮಾಣ ಬರೆಯಬೇಕು ಎಂದು 1985ರ ರಸಗೊಬ್ಬರ ನಿಯಂತ್ರಣ ಆದೇಶ ಹೇಳುತ್ತದೆ. ಎರೆಗೊಬ್ಬರಕ್ಕೂ ಅದರಲ್ಲಿ ಮಾನದಂಡವಿದೆ. ಹಾಗಿದ್ದ ಮೇಲೆ ‘ಪೋಷಕಾಂಶಭರಿತ’ ಎಂದು ಹೇಳಿ ಮಾರುವವರು ಯಾವ ಪೋಷಕಾಂಶ, ಎಷ್ಟು, ಎಷ್ಟು ತಿಂಗಳಿಗೆ ಎಂದು ಬರೆಯಲು ಯಾಕೆ ಹಿಂಜರಿಯಬೇಕು? ಬಿಸ್ಕತ್ತಿನ ಪ್ಯಾಕೆಟ್‌ಗಿರುವ ಪ್ರಾಮಾಣಿಕತೆ ಮಣ್ಣಿನ ಪ್ಯಾಕೆಟ್‌ಗೂ ಇರಲಿ. ಕೊಳ್ಳುವ ನಾವು ಕೇಳದಿದ್ದರೆ ಅವರು ಬರೆಯುವುದಿಲ್ಲ.

‘ಪಿ.ಜಿ.ಯಲ್ಲಿ ಇರುವವರು ಮಣ್ಣು ಎಲ್ಲಿಂದ ತರೋದು ಗುರು?’ ಅಂತ ಗೆಳೆಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಪ್ಯಾಕೆಟ್ ಕೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ಒಳಗೇನಿದೆ ಎಂದು ಪಟ್ಟಿ ಕೊಟ್ಟಿರುವುದನ್ನೇ ಆರಿಸಿ. ಕೋಕೋಪೀಟ್ ತೊಳೆದದ್ದೇ ಎಂದು ನೋಡಿ. ಮಣ್ಣಿನಲ್ಲೇ ಗೊಬ್ಬರ ಇದೆ ಎಂದಾದರೆ ಮೊದಲ ಎರಡು ಮೂರು ತಿಂಗಳು ಬೇರೆ ಗೊಬ್ಬರ ಮುಟ್ಟಬೇಡಿ. ತೂಕ ನೋಡಿ ಮೋಸ ಹೋಗಬೇಡಿ, ಒದ್ದೆ ಮಣ್ಣು ಹೆಚ್ಚು ತೂಗುತ್ತದೆ. ಎಷ್ಟು ಲೀಟರ್ ಎಂದು ಬರೆದಿದ್ದರೆ ಕುಂಡದ ಅಳತೆಗೆ ಹೋಲಿಸುವುದು ಸುಲಭ.

ಇನ್ನೂ ಅಗ್ಗದ ದಾರಿ ಎಂದರೆ ನಾವೇ ಕಲಸುವುದು. ನಾನೀಗ ಎರಡು ಪಾಲು ಕೋಕೋಪೀಟ್, ಒಂದು ಪಾಲು ಎರೆಗೊಬ್ಬರ, ಒಂದು ಪಾಲು ದಪ್ಪ ಮರಳು ಹಾಕುತ್ತೇನೆ. ಸ್ನೇಕ್ ಪ್ಲಾಂಟ್‌ಗಾದರೆ ಮರಳು ಇನ್ನೂ ಒಂದು ಪಾಲು ಹೆಚ್ಚು. 650 ಗ್ರಾಂ ಕೋಕೋಪೀಟ್ ಇಟ್ಟಿಗೆಯನ್ನು ಬಕೆಟ್‌ನಲ್ಲಿ ನೆನೆಸಿದರೆ ಸುಮಾರು ಎಂಟು ಲೀಟರ್ ಉಬ್ಬುತ್ತದೆ. ಎರಡು ಸಲ ತೊಳೆದು ಹಿಂಡಿ ಬಳಸಿ. ಮಿಶ್ರಣವನ್ನು ಮುಷ್ಟಿಯಲ್ಲಿ ಹಿಡಿದು ಅದುಮಿದರೆ ಉಂಡೆಯಾಗಬೇಕು, ಬೆರಳು ತಾಗಿಸಿದರೆ ಉದುರಬೇಕು. ನೀರು ಧಾರೆಯಾಗಿ ಸುರಿದರೆ ಒದ್ದೆ ಹೆಚ್ಚಾಯಿತು ಎಂದರ್ಥ. ಕುಂಡಕ್ಕೆ ಹಾಕಿದ ಮೇಲೆ ಮನಿ ಪ್ಲಾಂಟ್‌ಗೆ ಬೆರಳು ಎರಡು ಗೆಣ್ಣಿನಷ್ಟು ಇಳಿಸಿ, ಒಣಗಿದ್ದರೆ ಮಾತ್ರ ನೀರು. ಬಿಳಿ ಪುಡಿ ಕಂಡರೆ ಕುಂಡವನ್ನು ಬಾತ್‌ರೂಮಿಗೆ ಒಯ್ದು ತೂತಿನಿಂದ ಹರಿದುಹೋಗುವಷ್ಟು ನೀರು ಹಾಯಿಸಿ.

ಮುಂದಿನ ವರ್ಷ ನಮ್ಮ ಬ್ಯಾಚ್‌ಗೆ ಪ್ಲೇಸ್‌ಮೆಂಟ್. ಮೊನ್ನೆ ರೆಸ್ಯೂಮೆ ಬರೆಯಲು ಕೂತವನು ಮೊದಲ ಸಾಲಿನಲ್ಲೇ ‘ಪರಿಶ್ರಮಿ, ಉತ್ಸಾಹಿ, ತಂಡದೊಂದಿಗೆ ಬೆರೆಯುವವ’ ಎಂದು ಬರೆದಿದ್ದೆ. ಓದಿ ನಗು ಬಂತು. ನನ್ನದೂ ನಂಬರ್ ಇಲ್ಲದ ಚೀಲವೇ! ಅಳಿಸಿ, ಮಾಡಿದ ಎರಡು ಸಣ್ಣ ಪ್ರಾಜೆಕ್ಟ್‌ಗಳ ಅಳತೆ, ಫಲಿತಾಂಶ ಬರೆದೆ. ಪುಟ ಅರ್ಧ ಖಾಲಿ ಉಳಿಯಿತು. ಉಳಿಯಲಿ, ತುಂಬಲು ಇನ್ನೂ ಒಂದು ವರ್ಷವಿದೆ.

ಅಮ್ಮನಿಗೆ ಗಿಡ ಸತ್ತ ವಿಷಯ ಅಪ್ಪ ಹೇಳಿಬಿಟ್ಟಿದ್ದರು. ಬೈಯಲಿಲ್ಲ. ಹಬ್ಬಕ್ಕೆ ಹೋದಾಗ ಒದ್ದೆ ಬಟ್ಟೆಯಲ್ಲಿ ಸುತ್ತಿ ಇನ್ನೊಂದು ಕಡ್ಡಿ ಕೊಟ್ಟರು. ಈಗ ಅದು ತೂತಿರುವ ಮಣ್ಣಿನ ಕುಂಡದಲ್ಲಿದೆ. ಹೊಸ ಎಲೆ ಒಂದು ಬಂದಿದೆ.