ಛಾಯಾಮುದ್ರಣದಲ್ಲಿ ಬಣ್ಣದ ಲೆಕ್ಕ: ಮುಕ್ತ ತಂತ್ರಾಂಶ ಮತ್ತು ಸಣ್ಣ ಉದ್ಯಮ

ಮುದ್ರಣ ವ್ಯವಹಾರದಲ್ಲಿ ಕಾಗದ, ಶಾಯಿ, ವಿದ್ಯುತ್ ಹಾಗೂ ಕೂಲಿಗೆ ಲೆಕ್ಕವುಂಟು. ಆದರೆ ಬಣ್ಣ ಸರಿಬಾರದೆ ಎರಡನೆಯ ಬಾರಿ ಮುದ್ರಿಸಿದ ಪ್ರತಿಗಳಿಗೆ ಸಾಮಾನ್ಯವಾಗಿ ಪ್ರತ್ಯೇಕ ಖಾತೆ ಇರುವುದಿಲ್ಲ; ಆ ನಷ್ಟವು ಸಾಮಗ್ರಿ ಖರ್ಚಿನಲ್ಲಿಯೇ ಕರಗಿಹೋಗುತ್ತದೆ. ದಿನಕ್ಕೆ 5 ಪ್ರತಿ ಹಾಳಾಗಿ, ಪ್ರತಿಯೊಂದಕ್ಕೆ 20 ರೂ. ವೆಚ್ಚವೆಂದು ಭಾವಿಸಿದರೆ, 300 ಕೆಲಸದ ದಿನಗಳಲ್ಲಿ ನಷ್ಟ 30,000 ರೂ. ಆಗುತ್ತದೆ.

ದೋಷವು ಯಂತ್ರದ್ದೆಂದು ಭಾವಿಸುವುದು ವಾಡಿಕೆ. ವಾಸ್ತವದಲ್ಲಿ ಕ್ಯಾಮೆರಾ, ಪರದೆ ಮತ್ತು ಪ್ರಿಂಟರ್ ಒಂದೇ ಅಂಕಿಯನ್ನು ಬೇರೆ ಬೇರೆ ಬಣ್ಣವಾಗಿ ತೋರಿಸುತ್ತವೆ. ಪರದೆಯಲ್ಲಿ ದಾಳಿಂಬೆ ಕೆಂಪಾಗಿ ಕಂಡ ಇಳಕಲ್ ಸೀರೆ ಕ್ಯಾಟಲಾಗಿನಲ್ಲಿ ಇಟ್ಟಿಗೆ ಬಣ್ಣಕ್ಕೆ ತಿರುಗಿದರೆ, ಮುದ್ರಕನಿಗೆ ಮಾತ್ರವಲ್ಲ, ಸೀರೆ ವರ್ತಕನಿಗೂ ಹಾನಿ. ಈ ಅಂತರವನ್ನು ಸರಿಪಡಿಸುವ ಕಡತವೇ ಬಣ್ಣದ ಪ್ರೊಫೈಲ್. ಇದರ ಮಾನಕವನ್ನು ರೂಪಿಸಿದ್ದು 1993ರಲ್ಲಿ ಸ್ಥಾಪನೆಗೊಂಡ ಅಂತರರಾಷ್ಟ್ರೀಯ ವರ್ಣ ಒಕ್ಕೂಟ, ಅಂದರೆ ಐಸಿಸಿ.

ಇಂತಹ ಪ್ರೊಫೈಲ್ ತಯಾರಿಸಲು ದುಬಾರಿ ತಂತ್ರಾಂಶವೇ ಬೇಕೆಂಬ ನಂಬಿಕೆ ಸರಿಯಲ್ಲ. ಗ್ರೇಮ್ ಗಿಲ್ ಅವರು ರಚಿಸಿದ ಆರ್ಗಿಲ್ ಸಿಎಂಎಸ್ ಎಂಬ ಮುಕ್ತ ತಂತ್ರಾಂಶವನ್ನು ಪರವಾನಗಿ ಶುಲ್ಕವಿಲ್ಲದೆ ವ್ಯಾಪಾರಕ್ಕೂ ಬಳಸಬಹುದು. ಅದರ ಕ್ರಮ ನಾಲ್ಕು ಹಂತಗಳದ್ದು: ‘ಟಾರ್ಜೆನ್’ ಬಣ್ಣದ ಚೌಕಗಳ ಪಟ್ಟಿಯನ್ನು ಸಿದ್ಧಪಡಿಸುತ್ತದೆ, ‘ಪ್ರಿಂಟ್‌ಟಾರ್ಗ್’ ಅದನ್ನು ಪುಟಕ್ಕೆ ಅಳವಡಿಸುತ್ತದೆ, ಮುದ್ರಿತ ಚೌಕಗಳನ್ನು ‘ಚಾರ್ಟ್‌ರೀಡ್’ ಸ್ಪೆಕ್ಟ್ರೋಫೋಟೋಮೀಟರ್ ಮೂಲಕ ಅಳೆಯುತ್ತದೆ, ‘ಕೋಲ್‌ಪ್ರೊಫ್’ ಆ ಅಳತೆಗಳಿಂದ ಪ್ರೊಫೈಲ್ ರಚಿಸುತ್ತದೆ. ಚೌಕಗಳನ್ನು ಮುದ್ರಿಸುವಾಗ ಪ್ರಿಂಟರ್ ಡ್ರೈವರಿನ ಬಣ್ಣ ತಿದ್ದುವಿಕೆಯನ್ನು ನಿಲ್ಲಿಸಿರಬೇಕು. ಶಾಯಿ ಪೂರ್ಣ ಒಣಗಿದ ಬಳಿಕವೇ ಅಳೆಯಬೇಕು.

ಒಂದು ಪ್ರೊಫೈಲ್ ಒಂದು ಪ್ರಿಂಟರ್, ಒಂದು ಶಾಯಿ, ಒಂದು ಕಾಗದದ ಜೋಡಣೆಗೆ ಮಾತ್ರ ಅನ್ವಯಿಸುತ್ತದೆ. ಅಗ್ಗದ ಶಾಯಿಗೆ ಬದಲಾಯಿಸಿದ ದಿನವೇ ಹಳೆಯ ಪ್ರೊಫೈಲ್ ನಿರುಪಯುಕ್ತ. ಶಾಯಿಯಲ್ಲಿ ಉಳಿಸಿದ ಹಣ ಮರುಮುದ್ರಣಕ್ಕೆ ಹೋಗುವುದನ್ನು ಉದ್ಯಮಿಗಳು ಗಮನಿಸಬೇಕು.

ತಂತ್ರಾಂಶ ಉಚಿತವಾದರೂ ಅಳತೆಯ ಉಪಕರಣ ಉಚಿತವಲ್ಲ. ಸ್ಕ್ಯಾನರಿನಿಂದ ಅಳೆಯುವ ಮಾರ್ಗವಿದ್ದರೂ ಅದರ ನಿಖರತೆ ಕಡಿಮೆ. ನೋಂದಾಯಿತ ವರ್ತಕರು ತೆರಿಗೆಗೊಳಪಟ್ಟ ವ್ಯವಹಾರಕ್ಕಾಗಿ ಇದನ್ನು ಬಂಡವಾಳ ಸರಕಾಗಿ ಕೊಂಡರೆ ಜಿಎಸ್‌ಟಿಯಲ್ಲಿ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ದೊರೆಯುತ್ತದೆ. ಆದರೆ ತೆರಿಗೆಯ ಮೊತ್ತದ ಮೇಲೂ ಸವಕಳಿ ಪಡೆದರೆ ಆ ಸೌಲಭ್ಯ ಇಲ್ಲ. ರಾಜಿ ತೆರಿಗೆ ಪದ್ಧತಿಯಲ್ಲಿರುವ ಸಣ್ಣ ಸ್ಟುಡಿಯೋಗಳಿಗಂತೂ ಕ್ರೆಡಿಟ್ ಲಭ್ಯವೇ ಇಲ್ಲ. ಪೂರ್ತಿ ಭಾರ ಅವುಗಳ ಮೇಲೆಯೇ ಬೀಳುತ್ತದೆ.

ಒಂದು ಸ್ಟುಡಿಯೋ ಈ ಉಪಕರಣವನ್ನು ಬಳಸುವುದು ವರ್ಷದಲ್ಲಿ ಕೆಲವೇ ದಿನ. ಉಳಿದ ದಿನ ಬೀರುವಿನಲ್ಲಿರುವ ವಸ್ತುವಿಗೆ ಪ್ರತಿಯೊಬ್ಬರೂ ಹಣ ಹೂಡುವುದು ಜಾಣತನವಲ್ಲ. ಆದ್ದರಿಂದ ಜಿಲ್ಲಾ ಮಟ್ಟದ ವಾಣಿಜ್ಯ ಸಂಸ್ಥೆಗಳು ಅಥವಾ ಮುದ್ರಕರ ಸಂಘಗಳು ಒಂದೊಂದು ಉಪಕರಣವನ್ನು ಕೊಂಡು, ಅಲ್ಪ ಬಾಡಿಗೆಗೆ ಸದಸ್ಯರಿಗೆ ನೀಡುವುದು ಸೂಕ್ತ. ಅದನ್ನು ಬಳಸಬಲ್ಲ ಒಬ್ಬ ತಂತ್ರಜ್ಞನನ್ನೂ ಸಿದ್ಧಗೊಳಿಸಬೇಕು. ಆಜ್ಞೆಗಳನ್ನು ಟೈಪು ಮಾಡಿ ನಡೆಸುವ ಈ ತಂತ್ರಾಂಶ ಕಲಿಯಲು ಸಮಯ ಬೇಡುತ್ತದೆ, ಸಮಯಕ್ಕೂ ಬೆಲೆಯುಂಟು.

ಈ ಪ್ರಯತ್ನದ ಮೊದಲ ಹೆಜ್ಜೆಗೆ ಖರ್ಚೇ ಇಲ್ಲ. ಪ್ರತಿಯೊಬ್ಬ ಮುದ್ರಕನೂ ಮರುಮುದ್ರಣಕ್ಕೆ ಪ್ರತ್ಯೇಕ ಖಾತೆ ತೆರೆದು ಮೂರು ತಿಂಗಳು ಬರೆದಿಡಲಿ. ಉಪಕರಣ ಬೇಕೇ ಬೇಡವೇ ಎಂಬ ಪ್ರಶ್ನೆಗೆ ಆ ಖಾತೆಯೇ ಉತ್ತರ ನೀಡುವುದು.